ಬಾಯೊಳಗೆ ಕಲ್ಲು ಕಟ್ಟುವುದು ಹೇಗೆ? ಹಲ್ಲಿನ ಕಿಟ್ಟದ ವಿಜ್ಞಾನ ಮತ್ತು ರಾಜಕೀಯ

ಕಳೆದ ವರ್ಷ ಅಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಕೆಳದವಡೆಯ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ಅಮ್ಮನಿಗೆ ಐವತ್ತೆರಡು ವರ್ಷ, ಇಪ್ಪತ್ತು ವರ್ಷದಿಂದ ಗಾರ್ಮೆಂಟ್ಸ್ ಕೆಲಸ. ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು: ಹಲ್ಲಿನ ಹಿಂಬದಿಯಲ್ಲಿ, ನಾಲಿಗೆ ತಾಗುವ ಕಡೆ, ಹಳದಿ ಕಂದು ಬಣ್ಣದ ಗೋಡೆ. ಆರು ಹಲ್ಲುಗಳನ್ನೂ ಸೇರಿಸಿ ಗಾರೆ ಮೆತ್ತಿದ ಹಾಗಿತ್ತು.

"ಕ್ಲೀನ್ ಮಾಡ್ಸೋಣ" ಅಂದರೆ ಅಮ್ಮ, "ಅಯ್ಯೋ ಬೇಡ ಕಣೇ, ಕ್ಲೀನ್ ಮಾಡ್ಸಿದ್ರೆ ಇರೋ ಹಲ್ಲೂ ಲೂಸಾಗುತ್ತೆ ಅಂತಾರೆ" ಅಂದಳು. ಕೊನೆಗೆ ಒಪ್ಪಿದಳು. ಯಂತ್ರ ಕರಕರ ಅಂದಿತು, ಸ್ಟೀಲ್ ತಟ್ಟೆಗೆ ಒಂದು ತುಣುಕು ಟಣ್ ಅಂತ ಬಿತ್ತು. ಕೈಗೆ ತಗೊಂಡು ನೋಡಿದೆ. ನಿಜಕ್ಕೂ ಕಲ್ಲು. ಮನುಷ್ಯರ ಬಾಯಲ್ಲಿ, ಅನ್ನ ಸಾರು ತಿನ್ನುವ ಜಾಗದಲ್ಲಿ, ಕಲ್ಲು ಬೆಳೆಯುವುದು ಹೇಗೆ? ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದೆ. ಬ್ಯಾಕ್ಟೀರಿಯಾದಿಂದ ಶುರುವಾದ ಓದು ಶ್ರೀಲಂಕಾದ ಟೀ ತೋಟಗಳವರೆಗೆ ಕರೆದುಕೊಂಡು ಹೋಯಿತು.

ಎಂಜಲಿನಲ್ಲಿ ಏನಿದೆ?

ನಮ್ಮ ಸಮಾಜದಲ್ಲಿ ಎಂಜಲು ಅಂದರೆ ಮೈಲಿಗೆ. ಯಾರ ಎಂಜಲನ್ನು ಯಾರು ಮುಟ್ಟಬೇಕು, ಯಾರು ಎತ್ತಬೇಕು ಅನ್ನುವುದರ ಮೇಲೆ ಜಾತಿಯ ಒಂದು ದೊಡ್ಡ ವ್ಯವಸ್ಥೆಯೇ ನಿಂತಿದೆ. ರಸಾಯನಶಾಸ್ತ್ರದ ಕಣ್ಣಿಗೆ ಮಾತ್ರ ಎಲ್ಲರ ಎಂಜಲೂ ಒಂದೇ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ನಷ್ಟು ಜೊಲ್ಲು ನಮ್ಮ ಬಾಯಿಗೆ ಸುರಿಯುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿರುತ್ತವೆ. ಎಷ್ಟು ಅಂದರೆ, ಕರಗಿರಬಹುದಾದ ಮಿತಿಗಿಂತ ಹೆಚ್ಚು.

ಇದು ನಮ್ಮ ಒಳ್ಳೆಯದಕ್ಕೇ ಇರುವ ಏರ್ಪಾಡು. ಹಲ್ಲಿನ ಹೊರಕವಚ, ಅಂದರೆ ಎನಾಮಲ್, ಕ್ಯಾಲ್ಸಿಯಂ ಫಾಸ್ಫೇಟಿನಿಂದಲೇ ಆಗಿದೆ. ಸಿಹಿ ತಿಂದಾಗ ಕೆಲವು ಬ್ಯಾಕ್ಟೀರಿಯಾಗಳು ಆಮ್ಲ ಬಿಡುತ್ತವೆ, ಎನಾಮಲ್ ಒಂಚೂರು ಕರಗುತ್ತದೆ. ಆಮೇಲೆ ಜೊಲ್ಲಿನ ಖನಿಜ ಹೋಗಿ ಅಲ್ಲಿ ಕೂತು ರಿಪೇರಿ ಮಾಡುತ್ತದೆ. ಜೊಲ್ಲು ಬತ್ತಿದವರ ಹಲ್ಲು ಬೇಗ ಹುಳುಕಾಗುವುದು ಈ ರಿಪೇರಿ ನಿಲ್ಲುವುದರಿಂದಲೇ.

ಹಾಗಾದರೆ ಇಷ್ಟು ಖನಿಜ ತುಂಬಿದ ನೀರು ಬಾಯಲ್ಲೆಲ್ಲ ಯಾಕೆ ಕಲ್ಲು ಕಟ್ಟುವುದಿಲ್ಲ? ಯಾಕೆಂದರೆ ಜೊಲ್ಲಿನಲ್ಲಿ ಕಾವಲುಗಾರರೂ ಇದ್ದಾರೆ. ಸ್ಟಾಥೆರಿನ್ ಎಂಬ ಪ್ರೋಟೀನು, ಪ್ರೋಲಿನ್ ಹೆಚ್ಚಿರುವ ಇನ್ನೊಂದು ಗುಂಪಿನ ಪ್ರೋಟೀನುಗಳು, ಪೈರೋಫಾಸ್ಫೇಟ್ ಎಂಬ ಸಣ್ಣ ಅಣು. ಹರಳು ಹುಟ್ಟದಂತೆ, ಹುಟ್ಟಿದರೂ ಬೆಳೆಯದಂತೆ ಇವು ತಡೆಯುತ್ತವೆ. ಈ ಕಾವಲನ್ನು ಮುರಿಯುವುದರಲ್ಲೇ ಬ್ಯಾಕ್ಟೀರಿಯಾಗಳ ಪಾತ್ರ ಇರುವುದು.

ಪಾಚಿಯೊಳಗೊಂದು ಊರು

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷದಲ್ಲಿ ಹಲ್ಲಿನ ಮೇಲೆ ಜೊಲ್ಲಿನ ಪ್ರೋಟೀನುಗಳ ತೆಳು ಪೊರೆ ಕೂರುತ್ತದೆ. ಅದರ ಮೇಲೆ ಮೊದಲು ಬಂದು ನೆಲೆಯೂರುವವು ಸ್ಟ್ರೆಪ್ಟೊಕಾಕಸ್ ಜಾತಿಯ ಗುಂಡು ಬ್ಯಾಕ್ಟೀರಿಯಾಗಳು, ಜೊತೆಗೆ ಆಕ್ಟಿನೊಮೈಸಿಸ್. ಇವು ಅಂಟು ಸುರಿಸಿ ಮನೆ ಕಟ್ಟುತ್ತವೆ. ಆ ಮನೆಗೆ ಫ್ಯೂಸೊಬ್ಯಾಕ್ಟೀರಿಯಂ ಎಂಬ ಉದ್ದನೆಯದು ಬಂದು ಸೇರುತ್ತದೆ. ಇದು ಎರಡೂ ಕಡೆಯವರ ಕೈ ಹಿಡಿಯುವ ಬ್ರೋಕರ್ ಥರ: ಮೊದಲು ಬಂದವರಿಗೂ ಅಂಟಿಕೊಳ್ಳುತ್ತದೆ, ಆಮೇಲೆ ಬರುವ ಆಮ್ಲಜನಕ ಸಹಿಸದ ಉಗ್ರ ಜಾತಿಗಳಿಗೂ ಜಾಗ ಮಾಡಿಕೊಡುತ್ತದೆ. ಮನುಷ್ಯರ ಬಾಯಲ್ಲಿ ಇಲ್ಲಿಯವರೆಗೆ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾ ಗುರುತಿಸಿದ್ದಾರೆ. ಒಂದು ಗ್ರಾಂ ಹಲ್ಲಿನ ಪಾಚಿಯಲ್ಲಿ ಸುಮಾರು ಹತ್ತು ಸಾವಿರ ಕೋಟಿ ಜೀವಕೋಶಗಳಿರುತ್ತವೆ.

ಇದನ್ನು ಮೊದಲು ಕಂಡವನು ವಿಜ್ಞಾನದ ಪದವಿ ಪಡೆದವನಲ್ಲ, ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವನ್‌ಹುಕ್. 1683ರಲ್ಲಿ ತನ್ನದೇ ಹಲ್ಲಿನ ಸಂದಿಯ ಬಿಳಿ ಹಿಟ್ಟಿನಂಥ ವಸ್ತುವನ್ನು ತಾನೇ ಉಜ್ಜಿ ತಯಾರಿಸಿದ ಮಸೂರದ ಕೆಳಗಿಟ್ಟು ನೋಡಿದ. ಅದರಲ್ಲಿ ಓಡಾಡುವ ಸಣ್ಣ ಸಣ್ಣ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ.

ಕಲ್ಲಾಗುವ ಹೊತ್ತು

ಪಾಚಿ ಮೆತ್ತಗಿರುತ್ತದೆ, ಬ್ರಷ್ಷಿಗೆ ಬಿಟ್ಟುಬರುತ್ತದೆ. ಒಂದು ಜಾಗದಲ್ಲಿ ಅದು ಕದಲದೆ ಕೂತರೆ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ.

ಮೊದಲನೆಯದು, ಬ್ಯಾಕ್ಟೀರಿಯಾಗಳು ಕಾವಲು ಪ್ರೋಟೀನುಗಳನ್ನೇ ತುಂಡರಿಸಿ ತಿನ್ನುತ್ತವೆ. ಅವುಗಳ ಕಿಣ್ವಗಳು ಪೈರೋಫಾಸ್ಫೇಟನ್ನೂ ಒಡೆಯುತ್ತವೆ. ಕಲ್ಲು ಕಟ್ಟದಂತೆ ತಡೆಯುತ್ತಿದ್ದ ಅಣು ಒಡೆದಾಗ ಸಿಗುವುದು ಫಾಸ್ಫೇಟ್, ಅಂದರೆ ಕಲ್ಲು ಕಟ್ಟಲು ಬೇಕಾದ ಸಾಮಾನೇ.

ಎರಡನೆಯದು, ಜೊಲ್ಲಿನಲ್ಲಿ ಸ್ವಲ್ಪ ಯೂರಿಯಾ ಇರುತ್ತದೆ. ಕೆಲವು ಜಾತಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾ ಕ್ಷಾರ. ಪಾಚಿಯೊಳಗೆ ಕ್ಷಾರ ಹೆಚ್ಚಾದಂತೆ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿರಲಾರದೆ ತಳಕ್ಕೆ ಕೂರುತ್ತದೆ. ಹುಳುಕು ಹಲ್ಲಿನಲ್ಲಿ ನಡೆಯುವುದು ಇದರ ಉಲ್ಟಾ: ಅಲ್ಲಿ ಆಮ್ಲ ಖನಿಜವನ್ನು ಕರಗಿಸುತ್ತದೆ, ಇಲ್ಲಿ ಕ್ಷಾರ ಖನಿಜವನ್ನು ಕೂರಿಸುತ್ತದೆ. ಒಂದೇ ಬಾಯಲ್ಲಿ, ಬೇರೆ ಬೇರೆ ಮೂಲೆಯಲ್ಲಿ, ಎರಡೂ ನಡೆಯಬಹುದು.

ಮೂರನೆಯದು ನನಗೆ ಅತ್ಯಂತ ಆಶ್ಚರ್ಯ ಅನಿಸಿದ ಸಂಗತಿ. ಹರಳು ಹುಟ್ಟಲು ಒಂದು ಹಿಡಿ ಬೇಕು, ಮೋಡದಲ್ಲಿ ಹನಿ ಕಟ್ಟಲು ಧೂಳಿನ ಕಣ ಬೇಕಾದ ಹಾಗೆ. ಬ್ಯಾಕ್ಟೀರಿಯಾಗಳ ಪೊರೆಯಲ್ಲಿರುವ ಆಮ್ಲೀಯ ಕೊಬ್ಬಿನ ಅಣುಗಳು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಆ ಹಿಡಿ ಒದಗಿಸುತ್ತವೆ. ಸಾಮಾನ್ಯವಾಗಿ ಖನಿಜ ಮೊದಲು ಕೋಶಗಳ ನಡುವಿನ ಅಂಟಿನಲ್ಲಿ ಕೂರುತ್ತದೆ, ಆಮೇಲೆ ಕೋಶದ ಗೋಡೆಗೆ, ಕೊನೆಗೆ ಸತ್ತ ಕೋಶದ ಒಳಗೂ ತುಂಬುತ್ತದೆ. ಕೊರಿನೆಬ್ಯಾಕ್ಟೀರಿಯಂ ಮಾಟ್ರುಕೋಟಿ ಎಂಬ ದಾರದಂಥ ಬ್ಯಾಕ್ಟೀರಿಯಾವಂತೂ ತನ್ನ ಒಡಲೊಳಗೇ ಹರಳು ಕಟ್ಟಬಲ್ಲದು ಅಂತ ಪ್ರಯೋಗಾಲಯದಲ್ಲಿ ದಶಕಗಳ ಹಿಂದೆಯೇ ತೋರಿಸಿದ್ದಾರೆ. ಅಮ್ಮನ ಬಾಯಿಂದ ಬಿದ್ದ ಆ ತುಣುಕು, ಕೋಟ್ಯಂತರ ಬ್ಯಾಕ್ಟೀರಿಯಾಗಳು ಪದರ ಪದರವಾಗಿ ಕಲ್ಲಾದ ಗುಡ್ಡೆ.

ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ಹೆಚ್ಚುಕಡಿಮೆ ಅದೇ ತತ್ವ. ಪಾಚಿ ಕೂತ 4ರಿಂದ 8 ಗಂಟೆಯೊಳಗೇ ಖನಿಜ ಕೂರಲು ಶುರುವಾಗಬಹುದು. ಎರಡು ದಿನದಲ್ಲಿ ಅರ್ಧದಷ್ಟು, 12 ದಿನದಲ್ಲಿ ಶೇ. 60ರಿಂದ 90ರಷ್ಟು ಗಟ್ಟಿಯಾಗಬಹುದು ಎಂಬುದು ದಂತವೈದ್ಯಕೀಯ ಪಠ್ಯಗಳ ಲೆಕ್ಕ. ಕೆಲವರಲ್ಲಿ ಬೇಗ, ಕೆಲವರಲ್ಲಿ ನಿಧಾನ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆ ಬದಿಯಲ್ಲಿ ಇದು ಜಾಸ್ತಿ. ಕಾರಣ ಸರಳ: ಜೊಲ್ಲಿನ ನಲ್ಲಿಗಳು ತೆರೆಯುವುದು ಆ ಜಾಗಗಳ ಹತ್ತಿರವೇ.

ಇಲ್ಲಿ ಒಂದು ಮಾತು ಸೇರಿಸಬೇಕು. 1960ರ ದಶಕದ ಆರಂಭದಲ್ಲಿ, ಹುಟ್ಟಿನಿಂದಲೂ ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದ ಇಲಿಗಳ ಹಲ್ಲಿನಲ್ಲೂ ಕಿಟ್ಟ ಕಟ್ಟಿದ್ದು ಕಂಡುಬಂತು. ಅಂದರೆ ಖನಿಜ ಜೊಲ್ಲಿನದು, ಬ್ಯಾಕ್ಟೀರಿಯಾ ಇಲ್ಲದೆಯೂ ಕಲ್ಲು ಆಗಬಲ್ಲದು. ನಮ್ಮ ಬಾಯಲ್ಲಿ ಮಾತ್ರ ಅದಕ್ಕೆ ಜಾಗ, ಹದ, ವೇಗ ಒದಗಿಸುವುದು ಬ್ಯಾಕ್ಟೀರಿಯಾಗಳ ಪಾಚಿ.

ಕಲ್ಲು ತಪ್ಪಿತಸ್ಥನೇ?

ಬಹಳ ಕಾಲ ಡಾಕ್ಟರುಗಳು ಕಿಟ್ಟದ ಚೂಪೇ ವಸಡನ್ನು ಚುಚ್ಚಿ ಹಾಳುಮಾಡುತ್ತದೆ ಅಂದುಕೊಂಡಿದ್ದರು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಹೋದ್ಯೋಗಿಗಳು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಆರೋಗ್ಯವಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಸುಮಾರು ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಎಲ್ಲರದೂ ಸರಿಹೋಯಿತು. ವಸಡಿನ ಉರಿಯೂತಕ್ಕೆ ಜೀವಂತ ಪಾಚಿಯೇ ಕಾರಣ ಅನ್ನುವುದು ಇದರಿಂದ ಗಟ್ಟಿಯಾಯಿತು. 1973ರಲ್ಲಿ ಮಂಗಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಔಷಧಿ ಹಾಕಿ ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿದ ಕಿಟ್ಟಕ್ಕೆ ವಸಡಿನ ಚರ್ಮ ನೆಮ್ಮದಿಯಾಗಿ ಅಂಟಿಕೊಂಡಿತ್ತು.

ಹಾಗಂತ ಕಿಟ್ಟವನ್ನು ಬಿಟ್ಟುಬಿಡಬಹುದಾ? ಇಲ್ಲ. ಬಾಯಲ್ಲಿರುವ ಕಿಟ್ಟದ ಮೇಲೆ ಸದಾ ಜೀವಂತ ಪಾಚಿಯ ಹೊದಿಕೆ ಇದ್ದೇ ಇರುತ್ತದೆ. ಅದರ ಮೈ ಒರಟು, ರಂಧ್ರಗಳಿಂದ ತುಂಬಿದ್ದು. ಬ್ರಷ್ಷು ಅಲ್ಲಿಗೆ ತಲುಪುವುದಿಲ್ಲ. ಅದು ಕೆಳಕೆಳಗೆ ಇಳಿದಂತೆ ವಸಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ಹಲ್ಲನ್ನು ಹಿಡಿದಿರುವ ಎಲುಬು ಕರಗುತ್ತದೆ. ನೋವೇ ಇರುವುದಿಲ್ಲ. ರಕ್ತ ಬಂದರೂ "ಬ್ರಷ್ ಗಟ್ಟಿ ಇದೆ" ಅಂದುಕೊಳ್ಳುತ್ತೇವೆ. ಸಕ್ಕರೆ ಕಾಯಿಲೆ ಇದ್ದರೆ ಇದು ಇನ್ನೂ ಜೋರು, ಮತ್ತು ವಸಡಿನ ಕಾಯಿಲೆ ಇದ್ದರೆ ಸಕ್ಕರೆ ಹತೋಟಿಗೆ ತರುವುದೂ ಕಷ್ಟ.

ಅಮ್ಮನ ಭಯಕ್ಕೆ ಉತ್ತರವೂ ಇಲ್ಲೇ ಇದೆ. ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಅಲ್ಲಾಡಿದ ಹಾಗೆ ಅನಿಸುವುದು ಸುಳ್ಳಲ್ಲ. ಆದರೆ ಎಲುಬು ಆಗಲೇ ಹೋಗಿರುತ್ತದೆ, ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ್ದದ್ದು ಆ ಗಾರೆ. ಬಿರುಕು ಬಿಟ್ಟ ಗೋಡೆಗೆ ಪೋಸ್ಟರ್ ಅಂಟಿಸಿ, ಪೋಸ್ಟರ್ ಕಿತ್ತ ಮೇಲೆ ಬಿರುಕು ಬಂತು ಅಂದ ಹಾಗಾಯಿತು.

ನಿಂಬೆಹಣ್ಣು ಉಜ್ಜಿ ಕಿಟ್ಟ ಕರಗಿಸಿ ಎನ್ನುವ ರೀಲ್ಸ್ ನೋಡಿದ್ದರೆ ಒಂದು ನೆನಪಿಟ್ಟುಕೊಳ್ಳಿ: ಕಿಟ್ಟವೂ ಎನಾಮಲ್ಲೂ ಒಂದೇ ಕುಟುಂಬದ ಖನಿಜ. ಕಿಟ್ಟ ಕರಗಿಸುವ ಆಮ್ಲ ಹಲ್ಲನ್ನೂ ಕರಗಿಸುತ್ತದೆ. ಟಾರ್ಟರ್ ಕಂಟ್ರೋಲ್ ಎಂದು ಬರೆದ ಪೇಸ್ಟುಗಳಲ್ಲಿ ಸಾಮಾನ್ಯವಾಗಿ ಪೈರೋಫಾಸ್ಫೇಟ್ ಇರುತ್ತದೆ. ಅವು ಹೊಸ ಕಿಟ್ಟ ಕಟ್ಟುವುದನ್ನು ಸ್ವಲ್ಪ ಕಡಿಮೆ ಮಾಡಬಲ್ಲವು, ಕಟ್ಟಿದ್ದನ್ನು ತೆಗೆಯಲಾರವು. ಕಟ್ಟಿದ್ದನ್ನು ತೆಗೆಯಲು ದಂತವೈದ್ಯರ ಉಪಕರಣವೇ ಬೇಕು.

ಟೀ ತೋಟದ 480 ಮಂದಿ

ಯಾವ ಚಿಕಿತ್ಸೆಯೂ ಇಲ್ಲದೆ ಬಿಟ್ಟರೆ ವಸಡಿನ ಕಾಯಿಲೆ ಹೇಗೆ ಬೆಳೆಯುತ್ತದೆ? ಇದಕ್ಕೆ ಇವತ್ತಿಗೂ ದಂತವೈದ್ಯ ವಿದ್ಯಾರ್ಥಿಗಳು ಓದುವ ಉತ್ತರ ಬಂದಿದ್ದು ಶ್ರೀಲಂಕಾದಿಂದ. ಅದೇ ಹೆರಾಲ್ಡ್ ಲೋ ತಂಡ 1970ರಲ್ಲಿ ಅಲ್ಲಿನ ಟೀ ತೋಟಗಳ 480 ಗಂಡು ಕಾರ್ಮಿಕರ ಬಾಯಿ ಪರೀಕ್ಷೆ ಶುರುಮಾಡಿತು. 15 ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಹೋಗಿ ಅಳೆಯಿತು. ಹಲ್ಲಿನ ಆರೈಕೆಯ ಯಾವ ಕಾರ್ಯಕ್ರಮವೂ ಅವರನ್ನು ತಲುಪಿರಲಿಲ್ಲ ಅನ್ನುವುದೇ ಅವರನ್ನು ಅಧ್ಯಯನಕ್ಕೆ ಯೋಗ್ಯರನ್ನಾಗಿಸಿತ್ತು. ಹೋಲಿಕೆಗೆ ಇನ್ನೊಂದು ಗುಂಪು ನಾರ್ವೆಯ ಓಸ್ಲೋದಲ್ಲಿತ್ತು, ಚಿಕ್ಕಂದಿನಿಂದ ದಂತ ಚಿಕಿತ್ಸೆ ಪಡೆದ ವಿದ್ಯಾರ್ಥಿಗಳು ಮತ್ತು ವಿದ್ಯಾವಂತರದ್ದು.

1986ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಟೀ ಕಾರ್ಮಿಕರೆಲ್ಲರ ಹಲ್ಲಿನಲ್ಲೂ ಪಾಚಿ, ಕಿಟ್ಟ ತುಂಬಿತ್ತು. ವಿಚಿತ್ರ ಅಂದರೆ ಹುಳುಕು ಇರಲಿಲ್ಲ ಎನ್ನುವಷ್ಟು ಕಡಿಮೆ. ಎಲ್ಲರ ವಸಡೂ ಊದಿತ್ತು. ಆದರೆ ಎಲ್ಲರೂ ಒಂದೇ ಥರ ಹಲ್ಲು ಕಳೆದುಕೊಳ್ಳಲಿಲ್ಲ. ಶೇ. 8 ಮಂದಿಯಲ್ಲಿ ಕಾಯಿಲೆ ನಾಗಾಲೋಟದಲ್ಲಿ ಓಡಿತು, ಶೇ. 81 ಮಂದಿಯಲ್ಲಿ ಮಧ್ಯಮ ವೇಗದಲ್ಲಿ ಬೆಳೆಯಿತು, ಶೇ. 11 ಮಂದಿಯಲ್ಲಿ ವಸಡಿನ ಊತಕ್ಕಿಂತ ಮುಂದೆ ಹೋಗಲೇ ಇಲ್ಲ. 35ನೇ ವಯಸ್ಸಿಗೆ ಮೊದಲ ಗುಂಪಿನವರಲ್ಲಿ ವಸಡಿನ ಹಿಡಿತ ಸರಾಸರಿ 9 ಮಿಲಿಮೀಟರಿನಷ್ಟು ಕಳಚಿತ್ತು, ಎರಡನೆಯವರಲ್ಲಿ 4, ಮೂರನೆಯವರಲ್ಲಿ 1ಕ್ಕಿಂತ ಕಡಿಮೆ. ಒಂದೇ ಕೊಳೆಗೆ ಬೇರೆ ಬೇರೆ ದೇಹ ಬೇರೆ ಬೇರೆ ರೀತಿ ಪ್ರತಿಕ್ರಿಯಿಸುತ್ತದೆ ಅನ್ನುವುದು ಈ ಅಧ್ಯಯನದ ದೊಡ್ಡ ಪಾಠ. "ನಮ್ಮಜ್ಜ ಬ್ರಷ್ಷೇ ಮುಟ್ಟಿರಲಿಲ್ಲ, ಹಲ್ಲು ಗಟ್ಟಿ ಇತ್ತು" ಅನ್ನುವವರ ಅಜ್ಜ ಬಹುಶಃ ಆ ಶೇ. 11ರಲ್ಲಿದ್ದವರು.

ವಿಜ್ಞಾನ ಇಷ್ಟು. ನನಗೆ ಕಾಡಿದ್ದು ಇನ್ನೊಂದು. ಶ್ರೀಲಂಕಾದ ಟೀ ತೋಟಗಳ ಕಾರ್ಮಿಕರಲ್ಲಿ ಬಹುಪಾಲು ಜನ ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಾಗಿಸಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು. 1948ರ ಪೌರತ್ವ ಕಾಯ್ದೆ ಅವರಲ್ಲಿ ಹೆಚ್ಚಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತ್ತು. ಹಲ್ಲಿನ ಕಾಯಿಲೆಯ "ಸಹಜ ಚರಿತ್ರೆ" ಎಂದು ಆ ಪ್ರಬಂಧದ ಹೆಸರೇ ಹೇಳುತ್ತದೆ. ಲೈನ್ ಮನೆಗಳಲ್ಲಿ, ದಿನಗೂಲಿಯಲ್ಲಿ, ಡಾಕ್ಟರಿಲ್ಲದೆ ಬದುಕುವುದರಲ್ಲಿ ಸಹಜ ಯಾವುದು? ಆ ಪರಿಸ್ಥಿತಿಯನ್ನು ಸಂಶೋಧಕರು ಸೃಷ್ಟಿಸಿರಲಿಲ್ಲ, ನಿಜ. ಆದರೆ ಓಸ್ಲೋದವರ ಬಾಯಿ ಆರೈಕೆಯ ಫಲ ತೋರಿಸಲು, ತೋಟದವರ ಬಾಯಿ ಆರೈಕೆ ಇಲ್ಲದಿರುವುದರ ಫಲ ತೋರಿಸಲು ಬಳಕೆಯಾಯಿತು. ಇವತ್ತು ನನ್ನ ಅಮ್ಮನಿಗೆ ಡಾಕ್ಟರು ಹೇಳುವ ಬುದ್ಧಿಮಾತಿನ ಹಿಂದೆ ಆ 480 ಜನರ ವಸಡಿದೆ.

ಕಿಟ್ಟದಲ್ಲಿ ಉಳಿದ ಹೆಣ್ಣು

ಕಲ್ಲಾದದ್ದು ಬೇಗ ಅಳಿಯುವುದಿಲ್ಲ. ಸತ್ತು ಸಾವಿರಾರು ವರ್ಷ ಆದಮೇಲೂ ಕಿಟ್ಟದೊಳಗೆ ಬ್ಯಾಕ್ಟೀರಿಯಾಗಳ ಡಿಎನ್‌ಎ, ಊಟದ ಕಣ, ಹೊಗೆಯ ಮಸಿ ಸಿಕ್ಕಿಹಾಕಿಕೊಂಡಿರುತ್ತದೆ. ಹಿಂದೆ ಪುರಾತತ್ವದವರು ಇದನ್ನು ಕೊಳೆ ಎಂದು ಕೆರೆದು ಬಿಸಾಡುತ್ತಿದ್ದರು. ಈಗ ಅದೇ ಆರ್ಕೈವ್.

ಹರಿಯಾಣದ ಫರ್ಮಾನಾದಲ್ಲಿ ಹರಪ್ಪಾ ಕಾಲದವರ ಹಲ್ಲು ಮತ್ತು ಅಡುಗೆ ಮಡಕೆಗಳಲ್ಲಿ ಅರಿಶಿನ, ಶುಂಠಿಯ ಪಿಷ್ಟದ ಕಣಗಳು ಸಿಕ್ಕವು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯಕರ. ಜರ್ಮನಿಯ ಡಾಲ್‌ಹೈಮ್ ಎಂಬಲ್ಲಿ ಸುಮಾರು ಸಾವಿರ ವರ್ಷ ಹಿಂದಿನ ಒಂದು ಸನ್ಯಾಸಿನಿ ಮಠದ ಸ್ಮಶಾನದಲ್ಲಿದ್ದ ಹೆಂಗಸೊಬ್ಬಳ ಕಿಟ್ಟದಲ್ಲಿ ಕಡುನೀಲಿ ಕಣಗಳು ಕಂಡವು. ಅದು ಅಫ್ಘಾನಿಸ್ತಾನದಿಂದ ಬರುತ್ತಿದ್ದ ಲಾಪಿಸ್ ಲಾಜುಲಿ ಕಲ್ಲಿನ ಪುಡಿ, ಆ ಕಾಲದಲ್ಲಿ ಬಹಳ ದುಬಾರಿ ಬಣ್ಣ, ಧರ್ಮಗ್ರಂಥಗಳ ಚಿತ್ರಕ್ಕೆ ಬಳಸುವಂಥದ್ದು. ಅವಳೇ ಚಿತ್ರ ಬರೆಯುತ್ತಿದ್ದಳು, ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುತ್ತಿದ್ದಳು ಅನ್ನುವುದು ಸಂಶೋಧಕರಿಗೆ ಹೆಚ್ಚು ಒಪ್ಪಿಗೆಯಾದ ವಿವರಣೆ. ಗ್ರಂಥ ಬರೆದವರೆಲ್ಲ ಗಂಡಸರು ಎಂದು ನಂಬಿಕೊಂಡಿದ್ದ ಚರಿತ್ರೆಗೆ ಸಾಕ್ಷಿ ಸಿಕ್ಕಿದ್ದು ಯಾವ ಗ್ರಂಥಾಲಯದಲ್ಲೂ ಅಲ್ಲ, ಹೆಸರಿಲ್ಲದ ಹೆಂಗಸಿನ ಹಲ್ಲಿನಲ್ಲಿ.

ಹಲ್ಲು ಹೋದ ಮೇಲೆ ಭಾಗ್ಯ

ಈಗ ನಮ್ಮ ಕಡೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ, ತೀವ್ರ ವಸಡಿನ ಕಾಯಿಲೆಯದ್ದೇ 100 ಕೋಟಿಗೂ ಹೆಚ್ಚು ಪ್ರಕರಣ. ಇಷ್ಟು ದೊಡ್ಡ ಕಾಯಿಲೆ ನಮ್ಮ ಆರೋಗ್ಯ ರಾಜಕಾರಣದಲ್ಲಿ ಎಲ್ಲಿದೆ?

ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಆದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ಡಾಕ್ಟರಿರುವುದಿಲ್ಲ, ತಾಲೂಕು ಆಸ್ಪತ್ರೆಗೇ ಹೋಗಬೇಕು. ಖಾಸಗಿ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹಲ್ಲು ಕ್ಲೀನಿಂಗಿಗೆ ಹಣ ಕೊಡುವುದಿಲ್ಲ. ದಿನಾ ಉಜ್ಜಿ ಎಂದು ಹೇಳುವ ಸರ್ಕಾರವೇ 2017ರಿಂದ 2025ರ ಸೆಪ್ಟೆಂಬರ್‌ವರೆಗೆ ಟೂತ್‌ಪೇಸ್ಟಿನ ಮೇಲೆ ಶೇ. 18 ಜಿಎಸ್‌ಟಿ ವಸೂಲಿ ಮಾಡಿತು. ಈಗ ಅದು ಶೇ. 5.

2013-18ರ ಸಿದ್ದರಾಮಯ್ಯ ಸರ್ಕಾರ "ದಂತ ಭಾಗ್ಯ" ತಂದಿತ್ತು: ಹಲ್ಲೆಲ್ಲ ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ. ಒಳ್ಳೆಯ ಯೋಜನೆ, ಗೇಲಿ ಮಾಡುವಂಥದ್ದಲ್ಲ. ಹಲ್ಲಿಲ್ಲದ ಅಜ್ಜಿಯೊಬ್ಬರು ಮತ್ತೆ ರೊಟ್ಟಿ ಮುರಿದು ತಿನ್ನುವುದು ಘನತೆಯ ವಿಷಯ. ಆದರೆ ಸರ್ಕಾರ ಬಡವರ ಬಾಯಿಯನ್ನು ನೋಡಲು ಬಂದದ್ದು ಅಲ್ಲಿ ಒಂದೂ ಹಲ್ಲು ಉಳಿಯದಿದ್ದಾಗ. ಅದಕ್ಕೂ ಮೂವತ್ತು ವರ್ಷ ಮೊದಲೇ, ಕಿಟ್ಟ ಕಟ್ಟುವಾಗಲೇ, ವರ್ಷಕ್ಕೊಮ್ಮೆ ಅರ್ಧ ಗಂಟೆ ಕೊಟ್ಟಿದ್ದರೆ ಎಷ್ಟೋ ಜನಕ್ಕೆ ದಂತಪಂಕ್ತಿ ಬೇಕಾಗುತ್ತಿರಲಿಲ್ಲ. ಅಷ್ಟೊಂದು ಡೆಂಟಲ್ ಕಾಲೇಜುಗಳ ವಿದ್ಯಾರ್ಥಿಗಳನ್ನು ಕಾರ್ಖಾನೆ, ತೋಟ, ಹಾಸ್ಟೆಲ್‌ಗಳಿಗೆ ನಿಯಮಿತವಾಗಿ ಕಳಿಸುವುದು ದೊಡ್ಡ ಬಜೆಟ್ಟಿನ ಮಾತಲ್ಲ.

ಅಮ್ಮನಿಗೆ ಇಎಸ್‌ಐ ಕಾರ್ಡ್ ಇದೆ. ಯಾಕೆ ಮೊದಲೇ ತೋರಿಸಲಿಲ್ಲ ಅಂತ ಕೇಳಿದೆ. "ರಜೆ ಹಾಕಿದ್ರೆ ಅಟೆಂಡೆನ್ಸ್ ಬೋನಸ್ ಹೋಗುತ್ತಲ್ಲ. ನೋವೂ ಇರ್ಲಿಲ್ಲ" ಅಂದಳು. ನೋವಿಲ್ಲದ ಕಾಯಿಲೆಗೆ ಒಂದು ದಿನದ ದುಡಿಮೆ ಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ. ಕೊನೆಗೆ ಮನೆ ಹತ್ತಿರದ ಕ್ಲಿನಿಕ್ಕಿಗೆ ಭಾನುವಾರ ಹೋದೆವು. ಹದಿನೈದು ನೂರು ರೂಪಾಯಿ ಆಯಿತು, ಅವಳ ಮೂರು ದಿನದ ಸಂಬಳ.

ಓದುವ ನಿಮಗೆ ಇಷ್ಟು ಹೇಳಬಲ್ಲೆ. ದಿನಕ್ಕೆರಡು ಸಲ ಮೆದು ಬ್ರಷ್ಷಿನಲ್ಲಿ, ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯನ್ನು ಮರೆಯದೆ ಉಜ್ಜಿ. ಮೆತ್ತಗಿರುವಾಗ ಹೋಗುವುದು ಕಲ್ಲಾದ ಮೇಲೆ ಹೋಗುವುದಿಲ್ಲ. ವಸಡಲ್ಲಿ ರಕ್ತ ಬಂದರೆ ಬ್ರಷ್ಷನ್ನು ಬೈಯಬೇಡಿ, ತೋರಿಸಿ. ಅಪ್ಪ ಅಮ್ಮನ ಬಾಯನ್ನೂ ಒಮ್ಮೆ ನೋಡಿ, ಅವರಾಗಿಯೇ ಹೇಳುವುದಿಲ್ಲ. ಇನ್ನು ಯೂನಿಯನ್ನುಗಳಲ್ಲಿ, ವಿದ್ಯಾರ್ಥಿ ಸಂಘಟನೆಗಳಲ್ಲಿ ಇರುವವರು ನಿಮ್ಮ ಬೇಡಿಕೆ ಪಟ್ಟಿಯಲ್ಲಿ ಹಲ್ಲಿಗೊಂದು ಸಾಲು ಸೇರಿಸಿ: ಸಂಬಳ ಕಡಿತವಿಲ್ಲದೆ ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಮತ್ತು ಕ್ಲೀನಿಂಗ್.

ಅಮ್ಮನ ಎರಡು ಹಲ್ಲಲ್ಲಿ ಒಂದು ಉಳಿದಿದೆ. ಇನ್ನೊಂದನ್ನು ಮೊನ್ನೆ ಕೀಳಬೇಕಾಯಿತು.